ಎಡಗೈಯವರ ದೇಶ

ಅಪ್ಪನ ಅಂಗಡಿಯಲ್ಲಿ ಹೊಲಿದ ಗಂಡಸರ ಶರ್ಟನ್ನು ಬೀದಿಯ ಆ ತುದಿಯಿಂದಲೇ ಗುರುತು ಹಿಡಿಯಬಹುದಿತ್ತು. ಹೊಲಿಗೆಗೆ ಹೆಸರಿಡುವಂತಿರಲಿಲ್ಲ. ಕಾಲರು ನೆಟ್ಟಗೆ ಕೂರುತ್ತಿತ್ತು, ತೋಳೆತ್ತಿದರೆ ಕಂಕುಳಲ್ಲಿ ಹಿಡಿಯುತ್ತಿರಲಿಲ್ಲ, ಬಟ್ಟೆ ಸವೆದು ಜಾಲರಿಯಾದರೂ ಅಂಚು ಬಿಡುತ್ತಿರಲಿಲ್ಲ. ಆದರೆ ಗುಂಡಿ ಮಾತ್ರ ಲೋಕದ ಗಂಡಸರಿಗೆಲ್ಲ ಯಾವ ಕಡೆ ಇರುತ್ತದೋ ಅದರ ಎದುರು ಕಡೆ. ಹೆಂಗಸರ ಅಂಗಿಗೆ ಇರುವ ಹಾಗೆ ಗುಂಡಿ ಎಡಕ್ಕೆ, ಕಾಜ ಬಲಕ್ಕೆ. ಜೇಬೂ ಬಲಕ್ಕೆ.

ಹೊಸ ಗಿರಾಕಿ ಯಾರಾದರೂ ಹಾಕಿ ನೋಡಿ, ಗುಂಡಿ ಹುಡುಕಲು ಎದೆಯ ಮೇಲೆಲ್ಲ ತಡಕಾಡಿ, "ಯಜಮಾನ್ರೇ, ಇದು ಲೇಡೀಸ್ ಸೈಡ್ ಅಲ್ವಾ?" ಎಂದು ಕೇಳಿದರೆ ಅಪ್ಪ ಕತ್ತರಿ ಕೆಳಗಿಡುತ್ತಿದ್ದ. ಅಪ್ಪ ಕತ್ತರಿ ಕೆಳಗಿಟ್ಟ ಎಂದರೆ ಆ ಗಿರಾಕಿಗೆ ಅಂದಿನ ಬೇರೆ ಕೆಲಸ ಕೆಟ್ಟಿತು ಎಂದೇ ಅರ್ಥ.

"ಸ್ವಾಮಿ, ಕುದುರೆ ಸವಾರರು ಹಾಕೋದು ಹೀಗೇನೇ. ಕೇಳಿದ ಮಾತಲ್ಲ, ಕಣ್ಣಾರೆ ಕಂಡಿದ್ದು. ಕೂತ್ಕೊಳಿ, ಹೇಳ್ತೀನಿ."

ಪರದೆಯ ಹಿಂದೆ ಕಾಜ ಹಾಕುತ್ತ ಕೂತ ಮಗಳು ಆಗ ಸೂಜಿಗೆ ಉದ್ದನೆಯ ದಾರ ಪೋಣಿಸಿಕೊಳ್ಳುತ್ತಿದ್ದಳು. ಈ ಕಥೆ ಗಿಡ್ಡ ದಾರಕ್ಕೆ ಮುಗಿಯುವಂಥದ್ದಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಪದವಿ ಮುಗಿಸಿ ಮನೆಗೆ ಬಂದ ಮೇಲೆ ಅವಳಾಗಿಯೇ ಆರಿಸಿಕೊಂಡ ಜಾಗ ಅದು. ಅಲ್ಲಿ ಕೂತರೆ ಗಿರಾಕಿಗಳ ಮಾತೆಲ್ಲ ಕೇಳುತ್ತದೆ, ಯಾರಿಗೂ ಉತ್ತರ ಕೊಡಬೇಕಿಲ್ಲ. ಅಪ್ಪನ ಗೆಳೆಯ, ಪಕ್ಕದ ಸಲೂನಿನ ಮಾವ, ಅವಳಿಗೆ 'ಸದ್ದಿಲ್ಲಮ್ಮ' ಎಂದು ಹೆಸರಿಟ್ಟಿದ್ದ. "ನಿನ್ನ ಬಾಯಿಂದ ಒಂದು ಮಾತು ಬೀಳಿಸೋದಕ್ಕಿಂತ ಬೋಳುತಲೆಯಿಂದ ಕೂದಲು ಕತ್ತರಿಸೋದು ಸುಲಭ ಕಣಮ್ಮ" ಎನ್ನುತ್ತಿದ್ದ. ಅವಳು ಅದಕ್ಕೂ ನಕ್ಕು ಸುಮ್ಮನಾಗುತ್ತಿದ್ದಳು.

ಅಪ್ಪನ ಕಥೆ ಶುರುವಾಗುತ್ತಿದ್ದುದು ಅವನ ಎಡಗೈಯಿಂದ. ಅಪ್ಪ ಎಡಚ. ಹುಡುಗನಿದ್ದಾಗ ಕತ್ತರಿ, ಸೂಜಿ, ಸೀಮೆಸುಣ್ಣ, ಏನು ಕೊಟ್ಟರೂ ಎಡಗೈಗೇ ಹೋಗುತ್ತಿತ್ತು. ಅವನ ಅಪ್ಪನೂ ಟೈಲರೇ. "ಎಡಗೈಯಲ್ಲಿ ಕತ್ತರಿಸಿದ ಬಟ್ಟೆ ಯಾರೋ ಹಾಕ್ಕೋತಾರೆ?" ಎಂದು ಬಟ್ಟೆಯ ಅಂಚಿನ ಪಟ್ಟಿಯಿಂದ ಹುಡುಗನ ಎಡಗೈಯನ್ನು ಸ್ಟೂಲಿನ ಕಾಲಿಗೆ ಕಟ್ಟಿ ಕೂರಿಸುತ್ತಿದ್ದ. ಬಲಗೈಯಲ್ಲಿ ಹುಡುಗ ಕತ್ತರಿಸಿದ್ದನ್ನು ನಾಯಿಯೂ ಹಾಕಿಕೊಳ್ಳುವಂತಿರಲಿಲ್ಲ. ಓಣಿಯ ಮಕ್ಕಳೂ ಆಡಿಕೊಳ್ಳುತ್ತಿದ್ದರು.

ಆಗಲೇ ಸಂತೆ ಮೈದಾನಕ್ಕೆ ಬಯಲು ಸಿನಿಮಾ ಬಂದದ್ದು. ಎರಡು ಕಂಬ ನೆಟ್ಟು ನಡುವೆ ಬಿಳಿ ಬಟ್ಟೆ ಬಿಗಿದಿದ್ದರು. ಮುಂದೆ ಕೂರುವವರಿಗೆ ಟಿಕೆಟ್ಟು. ಬಟ್ಟೆಯ ಹಿಂದೆ ಕೂರುವವರಿಗೆ ಯಾರ ಹಂಗೂ ಇಲ್ಲ. ಅಪ್ಪ, ಈಗಿನ ಸಲೂನ್ ಮಾವ, ಈಗಿನ ಸೈಕಲ್ ಅಂಗಡಿಯ ಮಾವ, ಮೂವರೂ ಹಿಂದುಗಡೆಯ ಮಹಾಜನರು. ಆ ಬೇಸಿಗೆಯೆಲ್ಲ ಓಡಿದ್ದು ಒಂದೇ ಇಂಗ್ಲಿಷ್ ಚಿತ್ರ. ಅದರ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಅದರಲ್ಲಿ ಇದ್ದದ್ದೆಲ್ಲ ಕುದುರೆ, ಬಂದೂಕು ಮತ್ತು ಧೂಳು. ಊರು ಅದನ್ನು 'ಧೂಳಿನ ಸಿನಿಮಾ' ಎಂದಿತು.

ಒಬ್ಬ ಸವಾರ ಧೂಳಿನೊಳಗಿಂದ ಬರುತ್ತಾನೆ. ಆ ಊರಿನ ದೊಡ್ಡ ಮನುಷ್ಯ ಬಾವಿಗೆ ಬೀಗ ಹಾಕಿಕೊಂಡು ಕೂತಿದ್ದಾನೆ. ಸವಾರ ಬೀದಿಯ ನಡುವೆ ನಿಂತು ಬೀಗಕ್ಕೆ ಗುಂಡು ಹಾರಿಸಿ, ಜನರಿಗೆ ನೀರು ಬಿಡಿಸಿ, ಮತ್ತೆ ಧೂಳಿನೊಳಗೇ ಹೋಗುತ್ತಾನೆ. ಕಥೆ ಇಷ್ಟೇ. ಆದರೆ ಹುಡುಗ ಕಂಡದ್ದು ಇಷ್ಟಲ್ಲ. ಸವಾರ ಬಂದೂಕು ಎಳೆದದ್ದು ಎಡಗೈಯಲ್ಲಿ. ಖಳನೂ ಎಡಗೈಯಲ್ಲಿ. ಬಟ್ಟಲಿಗೆ ಸಾರಾಯಿ ಸುರಿಯುವವನು, ಇಸ್ಪೀಟು ಹಂಚುವವನು, ಬೀದಿ ಗುಡಿಸುವ ಮುದುಕಿ, ಎಲ್ಲರೂ ಎಡಚರೇ! ಶರ್ಟಿನ ಗುಂಡಿ ಕೂಡ ಎಡಗೈಗೆ ಒದಗುವ ಹಾಗೆ. ಟೈಲರನ ಮಗನ ಕಣ್ಣು ಅದನ್ನು ಬಿಟ್ಟೀತೆ? ಮರುದಿನ ಹುಡುಗ ಸ್ಟೂಲಿನ ಕಾಲಿಗೆ ಕಟ್ಟಿದ ಪಟ್ಟಿಯನ್ನು ಹಲ್ಲಿನಿಂದ ಬಿಚ್ಚಿ, ಅಪ್ಪನ ಮುಂದೆ ನಿಂತು, "ಎಡಗೈಯವರದೇ ಒಂದು ದೇಶ ಇದೆ. ಅಲ್ಲಿ ಬಲಗೈಯವರನ್ನ ನೋಡಿ ನಗ್ತಾರೆ" ಎಂದ. "ಹಾಗಾದ್ರೆ ಅಲ್ಲಿಗೇ ಹೋಗು" ಎಂದನಂತೆ ಅವನ ಅಪ್ಪ. ಆದರೆ ಆಮೇಲೆ ಕೈ ಕಟ್ಟಲಿಲ್ಲ.

ಅದೇ ಎಡಗೈಯಲ್ಲಿ ಅಪ್ಪ ಊರಿನ ಅರ್ಧ ಗಂಡಸರಿಗೆ ಬಟ್ಟೆ ಹೊಲಿದ, ಮನೆ ಕಟ್ಟಿದ, ಮಗಳನ್ನು ಓದಿಸಿದ.

ಈಗ ಊರಿನ ಹಳೆಯ ಥಿಯೇಟರಿನವರು ಭಾನುವಾರ ಬೆಳಗಿನ ಮತ್ತು ಮಧ್ಯಾಹ್ನದ ಆಟಕ್ಕೆ ಹಳೇ ಚಿತ್ರಗಳನ್ನು ಹಾಕತೊಡಗಿದ್ದರು. ಮುಂದಿನ ಭಾನುವಾರ ಧೂಳಿನ ಸಿನಿಮಾ! ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ಸವಾರನ ಬೆನ್ನು, ಕುದುರೆಯ ಬಾಲ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅಪ್ಪ ಆ ಬೆನ್ನಿಗೇ ಕೈಮುಗಿಯುವುದೊಂದು ಬಾಕಿ. "ಭುಜದ ಅಳತೆ ನೋಡು, ಸ್ವಲ್ಪವೂ ಬದಲಾಗಿಲ್ಲ!" ಎಂದು ಸಲೂನ್ ಮಾವನ ಬೆನ್ನಿಗೆ ಹೊಡೆದ.

ಥಿಯೇಟರಿನವರು ಫೋನಿಗೆ ಒಂದು ತುಣುಕನ್ನೂ ಕಳಿಸಿದ್ದರು. ಮಗಳು ಪರದೆಯ ಹಿಂದೆ ಕೂತು ಅದನ್ನು ಒತ್ತಿದಳು. ಧೂಳು ಬಂತು, ಕುದುರೆ ಬಂತು, ಸವಾರ ಇಳಿದ. ಬಲಗೈಯಲ್ಲಿ ಬಂದೂಕು ಎಳೆದ.

ಬೇರೆ ಸಿನಿಮಾ ಇರಬೇಕು ಎಂದುಕೊಂಡು ಮತ್ತೆ ನೋಡಿದಳು. ಬೀಗ ಹಾಕಿದ ಬಾವಿ ಇತ್ತು. ಗುಡಿಸುವ ಮುದುಕಿಯೂ ಇದ್ದಳು, ಅವಳೂ ಬಲಗೈಯವಳೇ. ಎದ್ದು ಹೋಗಿ, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಕನ್ನಡಿಯ ಮುಂದೆ ಫೋನು ಹಿಡಿದಳು. ಕನ್ನಡಿಯೊಳಗೆ ಅಪ್ಪನ ಸಿನಿಮಾ ಓಡುತ್ತಿತ್ತು. ಸವಾರನ ಬಂದೂಕು ಎಡಗೈಯಲ್ಲಿ, ಗುಂಡಿ ಎಡಗಡೆಯಲ್ಲಿ, ದೇಶಕ್ಕೆ ದೇಶವೇ ಎಡಚ.

ಬಟ್ಟೆಯ ಹಿಂದೆ ಕೂತು ನೋಡಿದರೆ ಇನ್ನೇನು ಕಾಣುತ್ತದೆ! ಮೂವರು ಹುಡುಗರಿಗೆ ಅದು ಹೊಳೆಯದಿದ್ದರೆ ಸರಿ. ಮೂವರೂ ಮುದುಕರಾಗುವ ತನಕವೂ ಹೊಳೆದಿರಲಿಲ್ಲವಲ್ಲ. ಅವಳಿಗೆ ನಗುವೂ ಬಂತು, ಅದರ ಬೆನ್ನಿಗೇ ಎದೆಯೂ ಭಾರವಾಯಿತು.

ಅಡುಗೆಮನೆಗೆ ಹೋಗಿ ಅಮ್ಮನ ಕಿವಿಯಲ್ಲಿ ಹೇಳಿದಳು. ಅಮ್ಮ ಮೊದಲು ಅರ್ಥವಾಗದೆ ಕಣ್ಣು ಪಿಳಿಪಿಳಿ ಬಿಟ್ಟಳು. ಅರ್ಥವಾದ ಮೇಲೆ ಸೌಟು ಹಿಡಿದುಕೊಂಡೇ ನೆಲಕ್ಕೆ ಕೂತು ನಕ್ಕಳು.

"ಅಯ್ಯೋ ನನ್ನ ಕರ್ಮವೇ! ಊರಿನ ಗಂಡಸರಿಗೆಲ್ಲ ಇಷ್ಟು ವರ್ಷ ಹೆಂಗಸರ ಅಂಗಿ ತೊಡಿಸಿದಾರಲ್ಲೇ ಈ ಮನುಷ್ಯ!"

"ಅಮ್ಮಾ, ಮೆಲ್ಲಗೆ."

"ನಮ್ಮ ಮದುವೆ ಫೋಟೋದಲ್ಲೂ ಅದೇ ಶರ್ಟು ಕಣೇ. ನಮ್ಮಣ್ಣ ಆವತ್ತೇ ಕೇಳಿದ್ದ, ಹುಡುಗ ತಂಗಿಯ ಶರ್ಟು ಹಾಕ್ಕೊಂಡು ಬಂದಿದಾನಾ ಅಂತ." ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗು ಇಳಿಯಿತು. "ಅವರಿಗೆ ಹೇಳಬೇಡ."

"ಹೇಳದೇ ಇದ್ರೂ ಭಾನುವಾರ ನೋಡ್ತಾನಲ್ಲಮ್ಮ."

"ಅದೇ ಯೋಚನೆ. ನೀನು ಅವರ ಕಥೇನ ನಗೋದಕ್ಕೆ ಕೇಳ್ತೀಯ. ನಾನು ಅವರ ಕೈ ಮೇಲಿನ ಗುರುತು ನೋಡಿದೀನಿ, ಆ ಪಟ್ಟಿ ಬಿಗಿದದ್ದು. ಆ ದೇಶ ಒಂದು ಇದೆ ಅಂತ ನಂಬ್ಕೊಂಡೇ ಕತ್ತರಿ ಹಿಡಿದ ಮನುಷ್ಯ ಅವರು. ಈ ವಯಸ್ಸಲ್ಲಿ ಹೋಗಿ, ಇಲ್ಲ ಕಣ್ರೀ, ಅಂಥ ದೇಶವೇ ಇರಲಿಲ್ಲ ಅನ್ನೋದಾ?"

ಹೊರಗೆ ಅಪ್ಪ ಸಲೂನ್ ಮಾವನಿಗೂ ಸೈಕಲ್ ಮಾವನಿಗೂ ಭಾನುವಾರಕ್ಕೆಂದು ಹೊಸ ಶರ್ಟಿನ ಅಳತೆ ತೆಗೆಯುತ್ತಿದ್ದ. "ಹೊಟ್ಟೆ ಒಳಗೆಳ್ಕೊಬೇಡವೋ, ಸಿನಿಮಾ ಮುಗಿಯೋ ತನಕ ಉಸಿರು ಹಿಡಿದಿರ್ತೀಯಾ?" ಎಂದು ಬೈಯುವುದು ಕೇಳುತ್ತಿತ್ತು.

ಆ ವಾರ ಮಗಳು ಬಾಯಿ ತೆರೆಯಲು ನೋಡಿದ್ದು ಅಷ್ಟಿಷ್ಟಲ್ಲ. ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಂಡು ಹೋಗುವಳು, ಅಪ್ಪ ತಲೆಯೆತ್ತಿ, "ಏನು ಪುಟ್ಟಿ?" ಎಂದ ಕೂಡಲೇ ವಾಕ್ಯವೆಲ್ಲ ಗಂಟಲಲ್ಲೇ ಕುಸಿದು ಬೀಳುವುದು. "ನೂಲು ಖಾಲಿ" ಎಂದು ಹೇಳಿ ವಾಪಸು ಬರುವಳು. ಶುಕ್ರವಾರದ ಹೊತ್ತಿಗೆ ಅವಳ ಪೆಟ್ಟಿಗೆಯಲ್ಲಿ ಒಂದು ಅಂಗಡಿ ಇಡುವಷ್ಟು ನೂಲಿನ ಉಂಡೆ ಸೇರಿತ್ತು. ಕೊನೆಗೆ, ಅಪ್ಪನಿಗೆ ಹೇಳಲಾಗದಿದ್ದರೆ ಸಿನಿಮಾಕ್ಕೇ ಹೇಳುವುದು ಎಂದು ನಿಶ್ಚಯಿಸಿದಳು. ಅಂದರೆ, ಸಿನಿಮಾ ಓಡಿಸುವವಳಿಗೆ.

ಥಿಯೇಟರಿನ ಆಪರೇಟರ್ ಅಕ್ಕ ಊರಿಗೆಲ್ಲ ಗೊತ್ತು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಧ್ವನಿ. ಮಗಳು ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿ ಹೋದಾಗ ಅಕ್ಕ ಯಂತ್ರದ ಪಕ್ಕ ಡಬ್ಬಿ ಬಿಚ್ಚಿಕೊಂಡು ಊಟಕ್ಕೆ ಕೂತಿದ್ದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಮಾತುಗಳಲ್ಲಿ ಬಾಗಿಲ ತನಕ ಬಂದು ತಲುಪಿದ್ದು ಒಂದೇ ಒಂದು.

"ಉಲ್ಟಾ," ಎಂದಳು ಮಗಳು.

"ಏನು?"

"ಉಲ್ಟಾ."

"ಏನಮ್ಮಾ ಉಲ್ಟಾ? ಮನೇಲಿ ಎಲ್ಲ ಕ್ಷೇಮ ತಾನೇ? ನೀನು ಟೈಲರ್ ಯಜಮಾನ್ರ ಮಗಳಲ್ವಾ? ಕೂತ್ಕೋ. ನೀರು ಕುಡಿ. ಓಹೋ, ಸದ್ದಿಲ್ಲಮ್ಮ ಅಂದ್ರೆ ನೀನೇನಾ?"

ನೀರು ಕುಡಿದ ಮೇಲೆ ಮಾತು ಬಂತು. ಒಮ್ಮೆ ಬಂದದ್ದು ಮತ್ತೆ ನಿಲ್ಲಲಿಲ್ಲ. ಸ್ಟೂಲಿನ ಕಾಲು, ಬಯಲು ಸಿನಿಮಾ, ಗುಂಡಿ, ಕಾಜ, ಎಲ್ಲ ಹೇಳಿದಳು. ಅಕ್ಕನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಒಣಗಿತು.

"ಅಂದ್ರೆ ನಮ್ಮೆಜಮಾನ್ರ ಶರ್ಟೂ..." ಎಂದು ಅಕ್ಕ ನೆನಪು ಮಾಡಿಕೊಂಡಳು. "ಅದಕ್ಕೇ ಅದು ನನಗೆ ಅಷ್ಟು ಚೆನ್ನಾಗಿ ಆಗೋದು!" ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ಯಂತ್ರದ ಕಡೆ ತಿರುಗಿದಳು. "ಚಿತ್ರಾನ ಎಡಬಲ ತಿರುಗಿಸೋಕೆ ಇದರಲ್ಲಿ ಒಂದು ಬಟನ್ ಇದೆ. ಪರದೆ ಹಿಂದಿನಿಂದ ಬೆಳಕು ಬಿಡೋ ಕಡೆ ಬೇಕಾಗುತ್ತೆ ಅಂತ ಇಟ್ಟಿರೋದು. ಒತ್ತಿದ್ರೆ ಆಯ್ತು. ಆದ್ರೆ ಕೆಳಗೆ ನಮ್ಮ ಭಾಷೇಲಿ ಬರೋ ಮಾತೂ ಉಲ್ಟಾ ಆಗುತ್ತಲ್ಲ?"

"ಮಾತು ತೆಗೆದುಬಿಡೋಕೆ ಆಗಲ್ವಾ ಅಕ್ಕಾ? ಹೇಗೂ ಆ ಸವಾರ ಜಾಸ್ತಿ ಮಾತಾಡಲ್ಲ."

"ನಿನಗೆ ಸರಿಯಾದ ಜೋಡಿ." ಅಕ್ಕ ಕನ್ನಡಕದ ಮೇಲಿಂದ ನೋಡಿದಳು. "ಆಯ್ತು, ಹಾಕ್ತೀನಿ. ಓನರು ಭಾನುವಾರ ಬೆಳಿಗ್ಗೆ ಏಳೋದೇ ಇಲ್ಲ. ಆದ್ರೆ ಜನ ಕೂಗಾಡಿದ್ರೆ ತಿರುಗಿಸಿಬಿಡ್ತೀನಿ ನೋಡು. ನನಗೆ ಈ ಕೆಲಸ ಬೇಕು."

ಭಾನುವಾರ ಬೆಳಿಗ್ಗೆ ಮೂವರೂ ಹೊಸ ಶರ್ಟು ತೊಟ್ಟು ಥಿಯೇಟರಿಗೆ ಹೊರಟರು. ಅಮ್ಮ ಬರಲಿಲ್ಲ. "ನಿಮ್ಮ ಬಾಯಲ್ಲೇ ಎಷ್ಟೋ ಸಲ ನೋಡಿಯಾಗಿದೆ" ಎಂದಳು. ಮಗಳ ಕಡೆ ತಿರುಗಿ ಕಣ್ಣಲ್ಲೇ, ನೋಡ್ಕೋ, ಎಂದಳು. ಒಳಗೆ ಮುಕ್ಕಾಲು ಪಾಲು ನರೆತ ತಲೆಗಳು, ಹಿಂದಿನ ಸಾಲಿನಲ್ಲಿ ಒಂದು ಹಿಂಡು ಕಾಲೇಜು ಹುಡುಗರು. ಮಗಳು ಅಪ್ಪನ ಪಕ್ಕ ಕೂತಳು.

ದೀಪ ಆರಿತು. ಧೂಳು ಎದ್ದಿತು. ಧೂಳಿನೊಳಗಿಂದ ಸವಾರ ಬಂದು, ಇಳಿದು, ಎಡಗೈಯಿಂದ ಟೋಪಿ ತೆಗೆದ.

"ಬಂದ ನೋಡು ನಮ್ಮಪ್ಪ!" ಎಂದು ಸೈಕಲ್ ಮಾವ ಕುರ್ಚಿಯ ಮೇಲೇ ಕುಪ್ಪಳಿಸಿದ. ಕುರ್ಚಿ ಕಿರ್ ಎಂದಿತು.

ಪರದೆಯ ಬೆಳಕಿನಲ್ಲಿ ಅಪ್ಪನ ಮುಖ ಸ್ಟೂಲಿನಿಂದ ಕೈ ಬಿಡಿಸಿಕೊಂಡ ಹುಡುಗನದೇ ಆಗಿತ್ತು. ಸವಾರ ಬಟ್ಟಲೆತ್ತಿದಾಗ ಅಪ್ಪನ ಎಡಗೈಯೂ ತೊಡೆಯಿಂದ ಸ್ವಲ್ಪ ಮೇಲೆದ್ದಿತು. ಮಗಳು ಉಸಿರು ಬಿಟ್ಟಳು. ಆಪರೇಟರ್ ಅಕ್ಕನಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದಳು. ಅಂಗಡಿಗಳ ಬೋರ್ಡುಗಳೆಲ್ಲ ತಿರುವುಮುರುವಾಗಿ ಕಾಣುತ್ತಿದ್ದವು. ಯಾರ ಗಮನವೂ ಆ ಕಡೆ ಹೋಗಲಿಲ್ಲ.

ಸವಾರ ಕುದುರೆಯನ್ನು ನಡೆಸಿಕೊಂಡು ಒಂದು ಕಮ್ಮಾರಸಾಲೆಗೆ ಬಂದ. ಗೋಡೆಯ ಮೇಲೆ ಅವನನ್ನೇ ಹಿಡಿದುಕೊಡಿ ಎಂಬ ನೋಟೀಸು. ಇಡೀ ಪರದೆ ತುಂಬಿತು ಆ ನೋಟೀಸು. ದಪ್ಪ ದಪ್ಪ ಅಕ್ಷರ, ಒಂದೊಂದೂ ಬೆನ್ನು ತಿರುಗಿಸಿ ನಿಂತದ್ದು.

"ಉಲ್ಟಾ!" ಹಿಂದಿನ ಸಾಲಿನಿಂದ ಒಂದು ಕೂಗು.

"ಏಯ್ ಆಪರೇಟರ್! ಉಲ್ಟಾ ಬಿಟ್ಟಿದೀಯ!" ಸಿಳ್ಳೆ. ಕಾಲಿನಿಂದ ನೆಲ ಗುದ್ದುವ ಸದ್ದು.

"ಸುಮ್ನಿರ್ರೋ, ಎಲ್ಲ ಸರಿಯಾಗೇ ಇದೆ!" ಎಂದು ಸಲೂನ್ ಮಾವ ಎದ್ದು ನಿಂತು ಗದರಿದ. "ನಿಮ್ಮಪ್ಪ ಹುಟ್ಟೋಕೆ ಮೊದಲೇ ನೋಡಿದೀವಿ ನಾವು ಇದನ್ನ!" ಆಮೇಲೆ ಅಪ್ಪನ ಕಡೆ ಬಗ್ಗಿ, "ಲೋ ಎಡಚಾ, ಈಗ ಆ ಮಾತು ಬರುತ್ತೆ, ನೀರಿನ ಮಾತು" ಎಂದ. ಸವಾರ ಇಡೀ ಸಿನಿಮಾದಲ್ಲಿ ಉದ್ದಕ್ಕೆ ಮಾತಾಡುವುದು ಅದೊಂದೇ ಸಲ. ಬೆರಳೆತ್ತಿ ಅವನು ತುಟಿ ಬಿಚ್ಚಿದಾಗ ಮೂವರೂ ಒಟ್ಟಿಗೆ, ಹುಡುಗರಿದ್ದಾಗ ಇಂಗ್ಲಿಷ್ ತಿಳಿಯದೆ ತಾವೇ ಕಟ್ಟಿಕೊಂಡಂತೆಯೇ, ಗುಡುಗಿದರು: "ಈ ನೀರು ಯಾರಪ್ಪನ ಆಸ್ತಿಯೂ ಅಲ್ಲ! ಸಂಜೆಯೊಳಗೆ ಬೀಗ ತೆಗೀದಿದ್ರೆ..."

ಪರದೆ ಒಮ್ಮೆ ಕಣ್ಣು ಮಿಟುಕಿಸಿತು.

ಎಡಗಡೆ ಇದ್ದ ಕುದುರೆ ಬಲಗಡೆಗೆ ಹೋಯಿತು. ಸವಾರನ ಎತ್ತಿದ ಬೆರಳು ಬಲಗೈಗೆ ಹಾರಿತು. ಸೊಂಟದ ಬಂದೂಕು ಎಡದಿಂದ ಬಲಕ್ಕೆ ಜಿಗಿಯಿತು. ಶರ್ಟಿನ ಗುಂಡಿಗಳೆಲ್ಲ ಸಾಲಾಗಿ ಆ ಕಡೆಗೆ ಸರಿದವು. ಕೆಳಗೆ ಅಚ್ಚ ನಮ್ಮ ಭಾಷೆಯಲ್ಲಿ ಮಾತು ಮೂಡಿತು: "ಮುಂಗಾಲಿನ ಲಾಳ ಸಡಿಲವಾಗಿದೆ. ಸಂಜೆಯೊಳಗೆ ಆಗುತ್ತದೆಯೇ?"

ಮೂವರ ಬಾಯಿಯೂ ತೆರೆದಲ್ಲೇ ನಿಂತಿತು.

"ಲಾಳವಾ?" ಎಂದ ಸಲೂನ್ ಮಾವ, ಅರ್ಧ ಕೂತು ಅರ್ಧ ನಿಂತು. "ಇಷ್ಟು ವರ್ಷ ಅವನು ಕೇಳ್ತಾ ಇದ್ದದ್ದು ಲಾಳವಾ?"

ಸೈಕಲ್ ಮಾವ ಪರದೆಯ ಮೇಲಿನ ಶರ್ಟು ನೋಡಿದ. ತನ್ನ ಎದೆ ನೋಡಿಕೊಂಡ. ಮತ್ತೆ ಪರದೆ ನೋಡಿದ. ಸಲೂನ್ ಮಾವನೂ ತನ್ನ ಎದೆ ನೋಡಿಕೊಂಡ. ಇಬ್ಬರೂ ಗುಂಡಿಯ ಮೇಲೆ ಮೆಲ್ಲಗೆ ಅಂಗೈ ಮುಚ್ಚಿಕೊಂಡರು.

"ನಾವು ಬಟ್ಟೆಯ ಹಿಂದೆ ಕೂತಿದ್ವಿ ಕಣೋ," ಎಂದ ಸೈಕಲ್ ಮಾವ, ಯಾರೋ ತೀರಿಕೊಂಡ ಸುದ್ದಿ ಹೇಳುವವನಂತೆ.

ಮಗಳಿಗೆ ಅಪ್ಪನ ಕಡೆ ನೋಡಲು ಧೈರ್ಯ ಬರಲಿಲ್ಲ. ತಾನು ಮಾಡಿದ್ದು ಇನ್ನೂ ಕೆಟ್ಟ ಕೆಲಸವಾಯಿತಲ್ಲ. ಮೊದಲಿನಿಂದಲೇ ಬಲಗೈ ಕಂಡಿದ್ದರೆ ಮನುಷ್ಯ ಹೇಗೋ ಸಾವರಿಸಿಕೊಳ್ಳುತ್ತಿದ್ದ. ಇದು ಕೊಟ್ಟು ಕಿತ್ತುಕೊಂಡ ಹಾಗೆ. ಅವಳಿಗೆ ತಡೆಯಲಾಗಲಿಲ್ಲ. ಅಪ್ಪನ ತೋಳು ಹಿಡಿದು, "ಅಪ್ಪಾ, ನಾನೇ ಕಣಪ್ಪಾ ಹೇಳಿ ತಿರುಗಿಸಿದ್ದು. ನನಗೆ ಸೋಮವಾರವೇ ಗೊತ್ತಾಯ್ತು. ನೀನು ಬೇಜಾರು ಮಾಡ್ಕೋತೀಯ ಅಂತ ಆಪರೇಟರ್ ಅಕ್ಕನ ಹತ್ರ ಹೋಗಿ..."

"ಶ್!" ಎಂದ ಅಪ್ಪ. "ಬಾಯಿ ಮುಚ್ಕೊಂಡು ನೋಡು."

ಹುಟ್ಟಿದಂದಿನಿಂದ ಅವಳಿಗೆ ಯಾರೂ ಹೇಳಿರದ ಮಾತು ಅದು. ಗಾಬರಿಯಲ್ಲಿ ಬಾಯಿ ಮುಚ್ಚಿಕೊಂಡು ಪರದೆ ನೋಡಿದಳು.

ಅಪ್ಪ ನೋಡುತ್ತಿದ್ದುದು ಸವಾರನನ್ನಲ್ಲ. ಚೌಕಟ್ಟಿನ ಮೂಲೆಯಲ್ಲಿ, ಕುಲುಮೆಯ ಹೊಗೆಯಲ್ಲಿ, ತೊಗಲಿನ ಮುಂಗವಚ ಕಟ್ಟಿಕೊಂಡ ಕಮ್ಮಾರನೊಬ್ಬ ಬಗ್ಗಿ ನಿಂತಿದ್ದ. ಕುದುರೆಯ ಕಾಲನ್ನು ತೊಡೆಗಳ ನಡುವೆ ಒತ್ತಿ ಹಿಡಿದು, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಸುತ್ತಿಗೆ ಎತ್ತಿ ಹೊಡೆಯುತ್ತಿದ್ದ. ಎಡಗೈಯಲ್ಲಿ.

"ನೋಡು," ಎಂದ ಅಪ್ಪ ಪಿಸುದನಿಯಲ್ಲಿ. "ನೋಡು ಹೇಗೆ ಹಿಡಿದಿದಾನೆ. ಮಣಿಕಟ್ಟು ನೋಡು."

ದೃಶ್ಯ ಬಹಳ ಹೊತ್ತಿನದಲ್ಲ. ಲಾಳ ಕೂತಿತು, ಕಮ್ಮಾರ ಕಾಲು ಇಳಿಸಿ ಬೆನ್ನು ನೆಟ್ಟಗೆ ಮಾಡಿದ, ಸವಾರ ಹೊರಟ. ಆಮೇಲೆ ಬೀಗ ಒಡೆಯಿತು, ನೀರು ಹರಿಯಿತು, ಖಳ ಧೂಳು ಮುಕ್ಕಿದ. ಎಲ್ಲ ಬಲಗೈಯ ಪ್ರತಾಪ. ಅಪ್ಪ ಎಲ್ಲವನ್ನೂ ಅತ್ತೆಮನೆಯಲ್ಲಿ ಕೂತ ಹೊಸ ಅಳಿಯನಂತೆ ನೋಡಿದ.

ಹೊರಗೆ ಬಿಸಿಲಿಗೆ ಬಂದಾಗ ಸಲೂನ್ ಮಾವನ ಮುಖ ಕೆಂಡವಾಗಿತ್ತು. "ಮೋಸ ಕಣೋ! ಆ ಮನುಷ್ಯನ ಮಾತು ಕೇಳಿ ನಾನು ಊರಿನ ಕೊಳಾಯಿ ಗಲಾಟೇಲಿ ಭಾಷಣ ಬೇರೆ ಮಾಡಿದ್ದೆ. ಈ ನೀರು ಯಾರಪ್ಪನ ಆಸ್ತಿ ಅಂತ! ಜನ ಚಪ್ಪಾಳೆ ತಟ್ಟಿದ್ರು. ಅವನು ನೋಡಿದ್ರೆ ಲಾಳದ ವಿಚಾರ ಕೇಳ್ತಿದಾನೆ!"

"ಭಾಷಣ ಮಾಡಿದ್ದಕ್ಕೆ ಕೊಳಾಯೀಲಿ ನೀರು ಬಂತಲ್ಲ, ಮತ್ತೇನು," ಎಂದ ಸೈಕಲ್ ಮಾವ. "ನನ್ನ ಚಿಂತೆ ಬೇರೆ. ಮನೆಯಲ್ಲಿ ಒಂದು ಬೀರು ತುಂಬ ಶರ್ಟಿದೆ. ಎಲ್ಲ ಹೆಂಗಸರ ಕಡೆ. ಈಗ ನಾನು ಏನು ಹಾಕ್ಕೊಳ್ಳಲಿ?"

"ಇಷ್ಟು ದಿನ ಏನು ಹಾಕ್ಕೊಂಡೆಯೋ ಅದನ್ನೇ," ಎಂದ ಅಪ್ಪ.

ಸಿನಿಮಾ ಮುಗಿದ ಮೇಲೆ ಅಪ್ಪ ಆಡಿದ ಮೊದಲ ಮಾತು ಅದು. ಅಪ್ಪ ಥಿಯೇಟರಿನ ಗೋಡೆಗೆ ಒರಗಿ ನಿಂತು, ಎಡಗೈಯ ಬೆರಳುಗಳನ್ನು ಒಂದು ಸಲ ಮಡಿಚಿ ಬಿಚ್ಚಿ ನೋಡಿಕೊಂಡ. ಮಗಳಿಗೆ ಅವನ ಕಣ್ಣಂಚು ತೇವವಾಗಿದೆಯೋ, ಬಿಸಿಲಿಗೆ ಹಾಗೆ ಕಾಣುತ್ತಿದೆಯೋ ತಿಳಿಯಲಿಲ್ಲ.

"ಅವನನ್ನ ನಾವು ಮರೆತೇಬಿಟ್ಟಿದ್ವಲ್ಲೋ, ಆ ಕಮ್ಮಾರನ್ನ," ಎಂದ. "ಆಗ ಬಟ್ಟೆ ಹಿಂದೆ ಕೂತು ನೋಡುವಾಗ ಆ ಊರಿಗೆಲ್ಲ ಒಬ್ಬನೇ ಬಲಗೈಯವನು ಅವನು. ಅವನು ಬಂದಾಗೆಲ್ಲ ನಾವು ಬಿದ್ದು ಬಿದ್ದು ನಗ್ತಿದ್ವಿ, ನೆನಪಿದೆಯಾ? 'ಪಾಪದ ಬಲಗೈ' ಅಂತಿದ್ವಿ. ಎಲ್ಲರಿಗಿಂತ ಜೋರಾಗಿ ನಗ್ತಿದ್ದವನು ನಾನೇ."

"ನೀನು ಸಿಳ್ಳೆ ಬೇರೆ ಹಾಕಿದ್ದೆ," ಎಂದ ಸಲೂನ್ ಮಾವ. ಸುಳ್ಳು ಹೇಳುವ ಸೌಜನ್ಯ ಅವನಿಗೆ ಎಂದೂ ಒದಗಿರಲಿಲ್ಲ.

"ಹಾಕಿದ್ದೆ. ನನ್ನ ದೇಶದವನು ಒಬ್ಬನೇ ಒಬ್ಬ ಇದ್ದ ಅಲ್ಲಿ. ಅವನನ್ನೇ ನೋಡಿ ಸಿಳ್ಳೆ ಹಾಕಿದೆ." ಅಪ್ಪನಿಗೆ ನಗು ಬಂತು; ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಗೋಡೆ ಹಿಡಿದುಕೊಂಡು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. "ಏನು ಹೊಡೀತಾನೋ ಮಾರಾಯ ಅವನು! ಸುತ್ತ ಅಷ್ಟು ಜನ ಬಲಗೈಯವರು, ಇವನು ಯಾರನ್ನೂ ಕೇಳೋಕೆ ಹೋಗಲಿಲ್ಲ. ನಾನಾದ್ರೆ ದೇಶ ಇಡೀ ಜೊತೆಗಿದೆ ಅಂದ್ಕೊಂಡೇ ಕತ್ತರಿ ಎತ್ತಿದವನು."

ಮಗಳು ನೆಲ ನೋಡುತ್ತ, "ಅಪ್ಪಾ, ಕೋಪ ಬಂತಾ?" ಎಂದಳು.

"ಬಂತು."

ಅವಳ ಮುಖ ಬಾಡಿತು.

"ಆಪರೇಟರ್ ಅಕ್ಕನ ಹತ್ರ ಹೋಗಿ ಹೇಳೋಕೆ ಬಾಯಿ ಬರುತ್ತೆ, ಮನೇಲಿ ನನ್ನ ಹತ್ರ ಬರೀ ನೂಲು ಖಾಲಿ, ನೂಲು ಖಾಲಿ! ವಾರದಿಂದ ನಾನೂ ನಿನ್ನಮ್ಮನ್ನ ಕೇಳ್ತಿದೀನಿ, ಈ ಹುಡುಗಿ ಇಷ್ಟು ನೂಲು ತಿಂತಿದಾಳಾ ಅಂತ." ಅಪ್ಪ ಅವಳ ತಲೆಗೆ ಮೊಟಕಿದ. "ಹೋಗು, ಅಮ್ಮನ್ನ ಕರ್ಕೊಂಡು ಬಾ. ಮಧ್ಯಾಹ್ನ ಇನ್ನೊಂದು ಆಟ ಇದೆ."

"ಮತ್ತೆ ನೋಡ್ತೀಯಾ?" ಎಂದು ಸಲೂನ್ ಮಾವ ಹುಬ್ಬೇರಿಸಿದ.

"ಮುಂದುಗಡೆಯಿಂದ ನಾನಿನ್ನೂ ಸರಿಯಾಗಿ ನೋಡೇ ಇಲ್ವಲ್ಲೋ. ಅರ್ಧ ಸಿನಿಮಾ ಇವಳು ತಿರುಗಿಸಿಬಿಟ್ಟಳು."

ಅಮ್ಮ ಕೈ ಒರೆಸಿಕೊಂಡು ಹೊರಟವಳು ದಾರಿಯುದ್ದಕ್ಕೂ, "ಅತ್ತರಾ? ಊಟ ಬೇಡ ಅಂದರಾ?" ಎಂದು ಕೇಳುತ್ತಲೇ ಬಂದಳು. ಮಗಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಥಿಯೇಟರಿಗೆ ಬಂದು ಅಮ್ಮನನ್ನು ಅಪ್ಪನ ಪಕ್ಕ ಕೂರಿಸಿ, ತಾನು ಕಬ್ಬಿಣದ ಮೆಟ್ಟಿಲು ಹತ್ತಿದಳು.

"ಬೈಯೋಕೆ ಬಂದೆಯಾ?" ಎಂದಳು ಆಪರೇಟರ್ ಅಕ್ಕ. "ನಾನೇನು ಮಾಡ್ಲಿ, ಹುಡುಗರು ಕುರ್ಚಿ ಕೀಳೋಕೆ ಹೊರಟ್ರು."

"ಇಲ್ಲಕ್ಕಾ. ಈ ಸಲ ನೆಟ್ಟಗೇ ಹಾಕಿ. ಕಮ್ಮಾರನ ಭಾಗದಲ್ಲಿ ಸೌಂಡು ಸ್ವಲ್ಪ ಜಾಸ್ತಿ ಕೊಡಿ, ಸುತ್ತಿಗೆ ಏಟು ಕೇಳಿಸ್ಬೇಕು."

"ಅಬ್ಬಾ, ಒಂದೇ ವಾರದಲ್ಲಿ ಆರ್ಡರ್ ಮಾಡೋ ಮಟ್ಟಕ್ಕೆ ಬಂದಳಲ್ಲಪ್ಪ ಸದ್ದಿಲ್ಲಮ್ಮ!"

ಅವಳು ಕೆಳಗಿಳಿದು ಬರುವಾಗ ಧೂಳು ಎದ್ದಾಗಿತ್ತು. ಅಮ್ಮ ಅಪ್ಪನ ಕಿವಿಯಲ್ಲಿ ಮಾತಾಡುತ್ತಿದ್ದಳು, ಅಂದರೆ ಐದು ಸಾಲಿಗೆ ಕೇಳುವಂತೆ. "ಏನ್ರೀ ಇವನು, ಮಾತೇ ಆಡಲ್ಲ! ನೀವು ಹೇಳುವಾಗ ಎಷ್ಟು ಚೆನ್ನಾಗಿ ಮಾತಾಡ್ತಿದ್ದ."

"ಅದೆಲ್ಲ ನಾವೇ ಹಾಕಿದ್ದು ಕಣೇ."

"ನೀವು ಹಾಕಿದ್ದೇ ಚೆನ್ನಾಗಿತ್ತು."

"ಸುಮ್ನಿರೇ. ಈಗ ಬರ್ತಾನೆ ನೋಡು." ಅಪ್ಪ ಕುರ್ಚಿಯ ತುದಿಗೆ ಸರಿದು ಕೂತ. ಪರದೆಯ ಮೇಲೆ ಸವಾರ ಕುದುರೆಯ ಲಗಾಮು ಹಿಡಿದು ಕುಲುಮೆಯ ಹೊಗೆಯ ಕಡೆ ನಡೆದು ಬರುತ್ತಿದ್ದ.

"ಬಂದೇ ಬಂದನಲ್ಲ, ಅದೋ," ಎಂದು ಅಮ್ಮ ಬೆರಳು ತೋರಿಸಿದಳು.

"ಅಯ್ಯೋ, ಅವನಲ್ಲ," ಎಂದ ಅಪ್ಪ. "ಅವನು ಯಾವಾಗಲೂ ಬರ್ತಾನೇ ಇರ್ತಾನೆ. ನೀನು ಸ್ವಲ್ಪ ಆ ಮೂಲೆ ನೋಡು."